ಅರೆಕ್ ಎಂಬ ಅಡಿಕೆ: ಕೊಚ್ಚಿ, ತಿರುವನಂತಪುರಗಳಲ್ಲಿ ಹಿರಿಯರ ಫ್ರೆಂಚ್ ಕಲಿಕೆ

ಪರಸ್ಥಳದಲ್ಲಿ ಕೆಲವು ವಾರ ತಂಗಿ, ಬೆಳಗಿನ ಹೊತ್ತು ಒಂದು ಭಾಷೆಯ ತರಗತಿಗೆ ಹಾಜರಾಗಿ, ಮಧ್ಯಾಹ್ನದ ಮೇಲೆ ಊರು ನೋಡಲು ಹೊರಡುವ ಪ್ರವಾಸಕ್ರಮ ಯುರೋಪಿನಲ್ಲಿ ಹಳೆಯದೇ ಆದರೂ, ಅದು ನಿವೃತ್ತರ ಪಾಲಿಗೆ ದಕ್ಕಿದ್ದು ಕಳೆದ ಅರ್ಧ ಶತಮಾನದಲ್ಲಿ. 1973ರಲ್ಲಿ ಫ್ರಾನ್ಸ್‌ನ ತುಲೂಸ್ ನಗರದಲ್ಲಿ ಪಿಯರ್ ವೆಲ್ಲಾಸ್ ಎಂಬ ಪ್ರಾಧ್ಯಾಪಕರು ‘ಮೂರನೆಯ ವಯಸ್ಸಿನ ವಿಶ್ವವಿದ್ಯಾಲಯ’ವನ್ನು ಆರಂಭಿಸಿದರು, ಮೊದಲನೆಯದು ಓದುವ ವಯಸ್ಸು, ಎರಡನೆಯದು ದುಡಿಮೆ ಮತ್ತು ಸಂಸಾರದ ವಯಸ್ಸು, ಮೂರನೆಯದು ಆ ಹೊರೆಗಳೆಲ್ಲ ಇಳಿದ ಮೇಲೂ ಮೈಯಲ್ಲಿ ಕಸುವು ಉಳಿದಿರುವ ವಯಸ್ಸು ಎಂಬುದು ಆ ಹೆಸರಿನ ಹಿಂದಿನ ಎಣಿಕೆ. ಆಶ್ರಮಧರ್ಮದ ಲೆಕ್ಕದಲ್ಲಿ ವಾನಪ್ರಸ್ಥವೂ ಮೂರನೆಯದೇ. ಕಾಡಿನ ಬದಲು ತರಗತಿಗೆ ಹೋಗಬೇಕೆಂಬುದಷ್ಟೇ ವ್ಯತ್ಯಾಸ. ಎರಡು ವರ್ಷಗಳ ನಂತರ, 1975ರಲ್ಲಿ, ಅಮೆರಿಕದ ನ್ಯೂ ಹ್ಯಾಂಪ್‌ಶೈರ್‌ನಲ್ಲಿ ಬೇಸಿಗೆ ರಜೆಗೆ ಖಾಲಿ ಬೀಳುವ ಕಾಲೇಜು ಹಾಸ್ಟೆಲುಗಳಲ್ಲಿ ಹಿರಿಯರನ್ನು ಇರಿಸಿಕೊಂಡು ಪಾಠ ಹೇಳುವ ‘ಎಲ್ಡರ್‌ಹಾಸ್ಟೆಲ್’ ಶುರುವಾಯಿತು. ಇಂದು ನೀಸ್, ತೂರ್, ವಿಶಿ ಮುಂತಾದ ಫ್ರೆಂಚ್ ಊರುಗಳಲ್ಲಿ ವಿದೇಶಿಯರಿಗೆ ಭಾಷೆ ಕಲಿಸುವ ಶಾಲೆಗಳಿದ್ದು, ಐವತ್ತು ದಾಟಿದವರಿಗೆಂದೇ ಪಾಠ ಮತ್ತು ತಿರುಗಾಟವನ್ನು ಹೆಣೆದು ಕೊಡುವ ಶಾಲೆಗಳು ಫ್ರಾನ್ಸ್‌ನಲ್ಲಿ ಹಲವು.

ಕರ್ನಾಟಕದ ಹಿರಿಯರಲ್ಲಿ ಫ್ರೆಂಚ್ ಕಲಿಯುವ ಮನಸ್ಸಾಗುವುದಕ್ಕೆ ಸಾಮಾನ್ಯವಾಗಿ ಮಕ್ಕಳೇ ಕಾರಣ. ಮಗ ಪ್ಯಾರಿಸ್ಸಿನಲ್ಲೋ ಜಿನೀವಾದಲ್ಲೋ ಮಗಳು ಮಾಂಟ್ರಿಯಲ್‌ನಲ್ಲೋ ನೆಲೆಸಿದ್ದು, ಮೊಮ್ಮಕ್ಕಳು ಶಾಲೆಯಿಂದ ಫ್ರೆಂಚ್ ಹೊತ್ತು ಮನೆಗೆ ಬರುವಾಗ, ಅಜ್ಜ ಅಜ್ಜಿಯರು ಸ್ವಂತ ಮನೆಯಲ್ಲೇ ಪರಭಾಷಿಕರಾಗಿಬಿಡುತ್ತಾರೆ. ಯುರೋಪಿನ ಷೆಂಗೆನ್ ವೀಸಾ 180 ದಿನಗಳ ಅವಧಿಯಲ್ಲಿ 90 ದಿನ ಮಾತ್ರ ಅಲ್ಲಿ ಇರಗೊಡುವುದರಿಂದ, ಅಕ್ಷರದಿಂದಲೇ ಅಲ್ಲಿ ಆರಂಭಿಸಿದವರ ಕಾಲವೆಲ್ಲ ‘ಬೊಂಜೂರ್’ ಹೇಳುವುದರಲ್ಲೇ ಕಳೆದುಹೋಗುತ್ತದೆ. ಅಡಿಪಾಯವನ್ನು ಊರಿನ ಹತ್ತಿರವೇ ಹಾಕಿಕೊಂಡು ಹೊರಡುವುದು ಜಾಣತನ. ಬೆಂಗಳೂರಿನ ವಸಂತನಗರದಲ್ಲೇ ಅಲಿಯಾನ್ಸ್ ಫ್ರಾಂಸೇಸ್ ಇರುವಾಗ ಕೇರಳಕ್ಕೇಕೆ ಹೋಗಬೇಕು ಎಂಬ ಪ್ರಶ್ನೆ ಸಹಜವಾಗಿಯೇ ಏಳುತ್ತದೆ. ಮನೆಯಲ್ಲಿದ್ದರೆ ಗ್ಯಾಸ್ ಸಿಲಿಂಡರು, ಮದುವೆ, ಮುಂಜಿ, ಬ್ಯಾಂಕಿನ ಕೆಲಸಗಳ ನಡುವೆ ಪಾಠ ತಪ್ಪುತ್ತಲೇ ಇರುತ್ತದೆ ಎಂಬುದು ಅದಕ್ಕೆ ಒಂದು ಉತ್ತರವಾದರೂ, ಅದಕ್ಕಿಂತ ತೂಕದ ಉತ್ತರ ಕೊಚ್ಚಿಯ ಪೇಟೆಯಲ್ಲಿದೆ.

ಅಲಿಯಾನ್ಸ್ ಫ್ರಾಂಸೇಸ್ ಎಂಬುದು ಫ್ರಾನ್ಸ್‌ನ ಹೊರಗೆ ಆ ದೇಶದ ಭಾಷೆ ಮತ್ತು ಸಂಸ್ಕೃತಿಯನ್ನು ಹರಡಲು 1883ರ ಜುಲೈ 21ರಂದು ಪ್ಯಾರಿಸ್ಸಿನಲ್ಲಿ ಸ್ಥಾಪನೆಯಾದ ಸಂಸ್ಥೆ. ಅದೇ ವರ್ಷದ ಮಾರ್ಚ್ 23ರಂದು ಹುಟ್ಟಿ, ಇಂದು ಕೇರಳದ ಕಾಸರಗೋಡು ಜಿಲ್ಲೆಗೆ ಸೇರಿದ ಮಂಜೇಶ್ವರದಲ್ಲಿ ಬಾಳಿದ ರಾಷ್ಟ್ರಕವಿ ಗೋವಿಂದ ಪೈಗಳು ಯುರೋಪಿನವೂ ಸೇರಿದಂತೆ ಇಪ್ಪತ್ತಕ್ಕೂ ಹೆಚ್ಚು ಭಾಷೆಗಳನ್ನು ಬಲ್ಲವರೆಂದು ಹೆಸರಾದವರು. ಅಂಥವರ ನಾಡಿನವರಿಗೆ ಇನ್ನೊಂದು ಭಾಷೆ ಎಂದರೆ ದಿಗಿಲಾಗಬೇಕಾಗಿಲ್ಲ. ತಿರುವನಂತಪುರದಲ್ಲಿ ಈ ಸಂಸ್ಥೆಯ ಶಾಖೆಯಿದ್ದು, ಕೊಚ್ಚಿಯಲ್ಲೂ ಅದರ ಬೋಧನೆ ನಡೆಯುತ್ತದೆ. ಯುರೋಪ್ ಕೌನ್ಸಿಲ್ 2001ರಲ್ಲಿ ಪ್ರಕಟಿಸಿದ ಚೌಕಟ್ಟಿನಂತೆ ಭಾಷಾಜ್ಞಾನವನ್ನು ಎ1, ಎ2, ಬಿ1, ಬಿ2, ಸಿ1, ಸಿ2 ಎಂಬ ಆರು ಮೆಟ್ಟಿಲುಗಳಲ್ಲಿ ಅಳೆಯುತ್ತಾರೆ. ಹೆಸರು, ಊರು, ಮನೆಮಂದಿ, ಕಾಫಿಯ ಬೆಲೆ ಇಷ್ಟನ್ನು ನಿಧಾನವಾಗಿ ಮಾತನಾಡಬಲ್ಲವರು ಎ1 ದಾಟಿದಂತೆ, ಅದಕ್ಕೆ ಸಾಮಾನ್ಯವಾಗಿ 60ರಿಂದ 100 ಗಂಟೆಗಳ ಪಾಠ ಬೇಕು. ಹಾಗಾಗಿ ಹತ್ತು ದಿನದ ಪ್ರವಾಸದಲ್ಲಿ ಫ್ರೆಂಚ್ ಬಂದುಬಿಡುತ್ತದೆ ಎಂಬ ಮಾತನ್ನು ಯಾರು ಹೇಳಿದರೂ ನಂಬಬೇಕಿಲ್ಲ. 1985ರಿಂದ ನಡೆಯುತ್ತಿರುವ ‘ಡೆಲ್ಫ್’ ಎಂಬ ಫ್ರೆಂಚ್ ಭಾಷಾ ಪರೀಕ್ಷೆಯ ಪ್ರಮಾಣಪತ್ರಕ್ಕೆ ಮಾತ್ರ ಅವಧಿ ಮುಗಿಯುವುದೆಂಬುದಿಲ್ಲ, ಪರೀಕ್ಷೆಗೆ ಕೂರಲು ವಯಸ್ಸಿನ ಮೇಲ್ಮಿತಿಯೂ ಇಲ್ಲ.

ತರಗತಿಯ ಹೊರಗಿನ ಸಂಗತಿಯನ್ನೂ ಮುಚ್ಚಿಡಬಾರದು: ಕೊಚ್ಚಿಯ ಬೀದಿಯಲ್ಲಿ ಫ್ರೆಂಚ್ ಇಲ್ಲ. ಆಟೊದವನಿಗೆ, ಮೀನು ಮಾರುವವನಿಗೆ, ಚಾಯಕ್ಕಡದ, ಅಂದರೆ ಚಹಾದಂಗಡಿಯ, ಚೇಟನಿಗೆ ಬೇಕಾದದ್ದು ಮಲಯಾಳ. ಫ್ರೆಂಚರು ಆಳಿದ ಮಾಹೆ, ಅಂದರೆ ಮಯ್ಯಳಿ, ಇರುವುದು ಉತ್ತರದಲ್ಲಿ, ತಲಶ್ಶೇರಿ ಮತ್ತು ವಡಗರ ನಡುವೆ, ಮಂಗಳೂರಿನಿಂದ ಬರುವ ರೈಲುದಾರಿಯಲ್ಲಿಯೇ. 1721ರಲ್ಲಿ ಅಲ್ಲಿ ಕಾಲೂರಿದ ಫ್ರೆಂಚ್ ಆಡಳಿತ 1954ರ ಜುಲೈ 16ರಂದು ಮುಗಿಯಿತು, ಒಂಬತ್ತು ಚದರ ಕಿಲೋಮೀಟರಿನ ಆ ಊರು ಇಂದು ಪುದುಚೇರಿಯ ಭಾಗ. ಅಲ್ಲಿಯೂ ಈಗ ಫ್ರೆಂಚ್ ನೆನಪಾಗಿ ಉಳಿದಿದೆಯೇ ಹೊರತು ಪೇಟೆಯ ಮಾತಾಗಿ ಅಲ್ಲ. ಸುತ್ತಲೂ ಅದೇ ಭಾಷೆ ಕೇಳುತ್ತಿರಬೇಕು ಎನ್ನುವವರು ಕೊನೆಗೆ ಫ್ರಾನ್ಸ್‌ಗೇ ಹೋಗಬೇಕು. ಕೊಚ್ಚಿ ಫ್ರಾನ್ಸ್‌ನ ಅಗ್ಗದ ಪ್ರತಿ ಅಲ್ಲ. ಫ್ರಾನ್ಸ್‌ನಲ್ಲಿ ಸಿಗದ ಇನ್ನೊಂದು ಅಲ್ಲಿ ಸಿಗುತ್ತದೆ.

ಅದನ್ನು ಹೇಳುವ ಮೊದಲು, ಕನ್ನಡದ ಹಿರಿಯರು ತರಗತಿಗೆ ಬರಿಗೈಯಲ್ಲಿ ಹೋಗುವುದಿಲ್ಲ ಎಂಬುದನ್ನು ಗಮನಿಸಬೇಕು. ಅವರು ಶಾಲೆಯಲ್ಲಿ ಉರುಹೊಡೆದ ಸಂಧಿಪ್ರಕರಣ ಇಲ್ಲಿ ಐವತ್ತು ವರ್ಷಗಳ ನಂತರ ಕೆಲಸಕ್ಕೆ ಬರುತ್ತದೆ. ‘ಊರು’ ಮತ್ತು ‘ಅಲ್ಲಿ’ ಸೇರಿ ‘ಊರಲ್ಲಿ’ ಆಗುವಾಗ ಮೊದಲ ಪದದ ಕೊನೆಯ ಸ್ವರ ಬಿದ್ದುಹೋಗುವುದು ಲೋಪಸಂಧಿ. ಫ್ರೆಂಚಿನಲ್ಲಿ ‘ಲ’ ಎಂಬ ನಿರ್ದೇಶಕ ಪದ ‘ಅಮಿ’, ಅಂದರೆ ಗೆಳೆಯ, ಎಂಬುದರ ಜೊತೆ ಸೇರಿ ‘ಲಮಿ’ ಆಗುವುದೂ ಅದೇ ಲೋಪ. ಬಹುವಚನದ ‘ಲೆ’ ಸೇರಿದಾಗ ಅದು ‘ಲೆಜ಼ಮಿ’ ಆಗುತ್ತದೆ, ‘ಮನೆ’ ಮತ್ತು ‘ಅಲ್ಲಿ’ ಸೇರಿ ನಡುವೆ ಯಕಾರ ಬರುವಂತೆ ಇಲ್ಲಿ ಜ಼ಕಾರ ಬಂದಂತೆ ಕಾಣುತ್ತದೆ. ವ್ಯತ್ಯಾಸ ಒಂದೇ: ಕನ್ನಡದ ಯಕಾರ ಹೊರಗಿನಿಂದ ಬಂದ ಆಗಮ, ಫ್ರೆಂಚಿನ ಜ಼ಕಾರವಾದರೋ ಬರಹದ ಕೊನೆಯಲ್ಲಿ ಸದ್ದಿಲ್ಲದೆ ಮಲಗಿದ್ದ ಸಕಾರ ಮುಂದೆ ಸ್ವರ ಬಂದೊಡನೆ ಎಚ್ಚೆತ್ತದ್ದು. ಇದನ್ನು ಅವರು ‘ಲಿಯೇಜ಼ೊಂ’, ಎಂದರೆ ಬೆಸುಗೆ, ಎನ್ನುತ್ತಾರೆ. ಇಂಗ್ಲಿಷಿನ ಮೂಲಕ ಫ್ರೆಂಚ್ ಕಲಿಯುವವನಿಗೆ ಇದು ಕಾಟವೆನಿಸುತ್ತದೆ, ಹಳಗನ್ನಡ ಪದ್ಯ ಬಿಡಿಸಿ ಓದಿದವರಿಗೆ ಹಳೆಯ ಪರಿಚಯ.

‘ನೀನು’, ‘ನೀವು’ಗಳ ಅಂತರವೂ ಹಾಗೆಯೇ. ‘ತು’ ಎಂದರೆ ನೀನು, ‘ವೂ’ ಎಂದರೆ ನೀವು, ಮತ್ತು ‘ವೂ’ ಕೂಡ ಕನ್ನಡದ ‘ನೀವು’ ಇದ್ದಂತೆ ಬಹುವಚನಕ್ಕೂ ಗೌರವಕ್ಕೂ ಒಂದೇ. ‘ಟೇಬಲ್’ ಎಂಬ ಇಂಗ್ಲಿಷ್ ಉಚ್ಚಾರಣೆಯನ್ನು ಮರೆತು ‘ತಾಬ್ಲ್’ ಎನ್ನಬೇಕು, ಏಕೆಂದರೆ ಫ್ರೆಂಚಿನ ತಕಾರ ನಾಲಗೆ ಹಲ್ಲಿಗೆ ತಾಗಿ ಹುಟ್ಟುವ, ಉಸಿರು ಬೆರೆಯದ ಶುದ್ಧ ದಂತ್ಯ. ಕನ್ನಡದಲ್ಲಿ ಇಲ್ಲದ ಮೂಗಿನ ಸ್ವರಗಳು ಕಷ್ಟ ಕೊಡುತ್ತವೆ. ಆದರೆ ಮನೆಯಲ್ಲಿ ಕೊಂಕಣಿ ಆಡುವವರಿಗೆ ‘ಹಾಂವ್’ ಎನ್ನುವಾಗಿನ ಮೂಗಿನ ಎಳೆ ಸಹಜವಾಗಿರುವುದರಿಂದ, ಮಂಗಳೂರಿನ ಬಾಯಿಗಳೂ ಮಟ್ಟಾಂಚೇರಿಯ ಗೌಡ ಸಾರಸ್ವತರ ಬಾಯಿಗಳೂ ಇದರಲ್ಲಿ ಒಂದು ಹೆಜ್ಜೆ ಮುಂದಿರಬೇಕು. ಲಿಂಗದ ವಿಷಯದಲ್ಲಿ ಯಾವ ಸೌಲಭ್ಯವೂ ಇಲ್ಲ: ಮೇಜು ಸ್ತ್ರೀಲಿಂಗ, ಪುಸ್ತಕ ಪುಲ್ಲಿಂಗ, ಕಾರಣ ಕೇಳಬಾರದು. ಹಿಂದಿ ಪರೀಕ್ಷೆಯಲ್ಲಿ ಅಂಕ ಕಳೆದುಕೊಂಡ ನೆನಪಿರುವವರಿಗೆ ಈ ನೋವು ಹೊಸದಲ್ಲ.

ವಯಸ್ಸು ಹೇಳುವ ಪಾಠದಲ್ಲಿ ಹಿರಿಯರಿಗೆ ಒಂದು ಸಣ್ಣ ಸಮಾಧಾನ ಕಾದಿರುತ್ತದೆ. ಫ್ರಾನ್ಸ್‌ನ ಫ್ರೆಂಚಿನಲ್ಲಿ ಎಪ್ಪತ್ತಕ್ಕೆ ಪ್ರತ್ಯೇಕ ಪದವಿಲ್ಲ. ‘ಅರವತ್ತು-ಹತ್ತು’ ಎನ್ನುತ್ತಾರೆ, ಎಪ್ಪತ್ತೈದು ‘ಅರವತ್ತು-ಹದಿನೈದು’, ಎಂಬತ್ತು ‘ನಾಲ್ಕು ಇಪ್ಪತ್ತು’. ಎಪ್ಪತ್ತೊಂಬತ್ತು ತುಂಬುವವರೆಗೂ ಮನುಷ್ಯನನ್ನು ಅರವತ್ತರಲ್ಲೇ ಇಟ್ಟುಕೊಳ್ಳುವ ಭಾಷೆಯಿದು. ಕಿವಿಯ ವಿಷಯ ಮಾತ್ರ ನಿಜಕ್ಕೂ ತೊಡಕಿನದು. ವಯಸ್ಸಾದಂತೆ ಮೊದಲು ಮಂಕಾಗುವುದು ಎತ್ತರದ ತರಂಗಗಳ ಸದ್ದು, ಅಂದರೆ ಸ, ಶ, ಫ ಮುಂತಾದ ವ್ಯಂಜನಗಳು. ಇತ್ತ ಫ್ರೆಂಚಿನಲ್ಲಿ ಪದದ ಕೊನೆಯ ಸಕಾರ ಉಚ್ಚಾರವಾಗದ ಕಾರಣ ‘ಪುಸ್ತಕ’ಕ್ಕೂ ‘ಪುಸ್ತಕಗಳು’ ಎಂಬುದಕ್ಕೂ ಕಿವಿಗೆ ಸಿಗುವ ವ್ಯತ್ಯಾಸ ಮುಂದಿರುವ ‘ಲ’ ಮತ್ತು ‘ಲೆ’ಗಳಲ್ಲಿ ಮಾತ್ರ, ಅದೂ ಒಂದು ಸ್ವರದಷ್ಟೇ. ಮುಂದಿನ ಸಾಲಿನಲ್ಲಿ ಕೂರುವುದು, ಫ್ಯಾನಿನ ಸದ್ದಿಲ್ಲದ ಕೋಣೆ ಕೇಳುವುದು, ಕಡಿಮೆ ಜನರಿರುವ ತಂಡ ಸೇರುವುದು ಇಲ್ಲಿ ನಾಚಿಕೆಪಡಬೇಕಾದ ಸಂಗತಿಗಳಲ್ಲ.

ಮಧ್ಯಾಹ್ನದ ಮೇಲಿನ ಕೊಚ್ಚಿಗೆ ಬಂದರೆ, ಹಿರಿಯರ ಮೊಣಕಾಲಿಗೆ ಹಿತವಾದ ದಾರಿ ನೀರಿನದು. 2023ರ ಏಪ್ರಿಲ್ 25ರಂದು ಆರಂಭವಾದ ವಾಟರ್ ಮೆಟ್ರೊದ ಕಟ್ಟೆಗಳು ನೀರಿನ ಮೇಲೆ ತೇಲುವಂಥವು. ಉಬ್ಬರವಿರಲಿ ಇಳಿತವಿರಲಿ ಕಟ್ಟೆಯೂ ದೋಣಿಯ ಅಂಚೂ ಒಂದೇ ಮಟ್ಟದಲ್ಲಿ ನಿಲ್ಲುವುದರಿಂದ ಒಂದು ಸಲಕ್ಕೂ ಕಾಲೆತ್ತಿ ಹಾರಬೇಕಾಗಿಲ್ಲ. ಫೋರ್ಟ್ ಕೊಚ್ಚಿಯ ದಡದಲ್ಲಿ ಚೀನಬಲೆಗಳು ಸಾಲಾಗಿ ನಿಂತಿರುತ್ತವೆ. ಮರದ ದಿಮ್ಮಿಗಳ ಒಂದು ಕೈ ನೀರಿನ ಕಡೆ ಬಲೆ ಹಿಡಿದಿದ್ದರೆ, ಹಿಂದಿನ ಕೈಗೆ ಹಗ್ಗಗಳಲ್ಲಿ ಒಂದರ ಕೆಳಗೊಂದು ದಪ್ಪ ಕಲ್ಲುಗಳನ್ನು ಕಟ್ಟಿರುತ್ತಾರೆ. ಒಬ್ಬ ದಿಮ್ಮಿಯ ಮೇಲೆ ನಡೆದು ಮುಂದೆ ಹೋದರೆ ಅವನ ಭಾರಕ್ಕೆ ಬಲೆ ಮುಳುಗುತ್ತದೆ, ನಾಲ್ಕೈದು ಮಂದಿ ಹಿಂದಿನ ಹಗ್ಗ ಜಗ್ಗಿದರೆ ಕಲ್ಲುಗಳು ಒಂದೊಂದಾಗಿ ನೆಲ ಮುಟ್ಟುತ್ತ ಬಲೆ ಮೇಲೇಳುತ್ತದೆ. ಪಕ್ಕದಲ್ಲೇ ಫ್ರೆಂಚ್ ಪ್ರವಾಸಿಗಳು ನಿಂತು ಫೋಟೊ ತೆಗೆಯುತ್ತಿರುವುದುಂಟು. ಅವರೊಡನೆ ‘ಬೊಂಜೂರ್, ಮದಾಂ’ ಎಂದು ಮಾತು ತೆಗೆಯುವ ಧೈರ್ಯವೇ ಅಂದಿನ ಮನೆಗೆಲಸ.

ನಿಜವಾದ ಪಾಠ ಇರುವುದು ಮಟ್ಟಾಂಚೇರಿಯಲ್ಲಿ, 1568ರಲ್ಲಿ ಕಟ್ಟಿದ ಪರದೇಶಿ ಸಿನಗಾಗ್ ಎಂಬ ಯೆಹೂದಿ ಪ್ರಾರ್ಥನಾಮಂದಿರದ ಸುತ್ತಲಿನ ಸಾಂಬಾರ ಪದಾರ್ಥಗಳ ಬೀದಿಯಲ್ಲಿ. ಹೊಸ ಭಾಷೆಯ ಪದಪಟ್ಟಿ ಹಿಡಿದು ಅಲ್ಲಿ ನಡೆದವರಿಗೆ, ಆ ಪದಗಳಲ್ಲಿ ಅನೇಕ ಇದೇ ಕರಾವಳಿಯಿಂದ ಹಡಗು ಹತ್ತಿದವು ಎಂಬುದು ತಿಳಿಯುತ್ತ ಹೋಗುತ್ತದೆ. ಅಡಿಕೆಗೆ ಫ್ರೆಂಚಿನಲ್ಲಿ ‘ಅರೆಕ್’ ಎನ್ನುತ್ತಾರೆ. ಮಲಯಾಳದ ‘ಅಡಯ್ಕ’ ಮತ್ತು ಕನ್ನಡದ ‘ಅಡಿಕೆ’ ಒಂದೇ ಬೇರಿನವು, ಪೋರ್ಚುಗೀಸರ ನಾಲಗೆ ಡಕಾರವನ್ನು ರಕಾರ ಮಾಡಿ ‘ಅರೆಕ’ ಎಂದಿತು, ಅಲ್ಲಿಂದ ಅದು ಫ್ರಾನ್ಸ್ ಸೇರಿತು. ವೀಳ್ಯದೆಲೆಗೆ ‘ಬೆತೆಲ್’, ಇದು ಮಲಯಾಳದ ‘ವೆಟ್ಟಿಲ’. ಮಾವು ‘ಮಾಂಗ್’, ಮಲಯಾಳದ ‘ಮಾಙ್ಙ’. ಕೊಬ್ಬರಿ ‘ಕೊಪ್ರಾ’, ತೇಗ ‘ತೆಕ್’, ಹಲಸಿನ ಮರ ‘ಜಾಕಿಯೇ’, ಅದರ ಮೂಲ ‘ಚಕ್ಕ’. ಹತ್ತಿಬಟ್ಟೆಯ ಒಂದು ಬಗೆಗೆ ‘ಕಾಲಿಕೊ’ ಎಂಬ ಹೆಸರು ಬಂದದ್ದು ಕೋಝಿಕ್ಕೋಡಿನಿಂದ. ಶುಂಠಿಯ ‘ಝಾಂಝಾಂಬ್ರ್’ ಎಂಬ ಪದ ಲ್ಯಾಟಿನ್, ಗ್ರೀಕ್, ಪಾಳಿಗಳ ಮೂಲಕ ಹಿಂದಕ್ಕೆ ನಡೆದು ದ್ರಾವಿಡದ ‘ಇಂಜಿ’ಯ ಬಾಗಿಲಿಗೆ ಬರುತ್ತದೆ, ಕಾಳುಮೆಣಸಿನ ‘ಪ್ವಾವ್ರ್’ ಸಂಸ್ಕೃತದ ಪಿಪ್ಪಲಿಯವರೆಗೆ ಹೋಗುತ್ತದೆ. ಎದುರು ದಿಕ್ಕಿನಿಂದ ಬಂದವೂ ಇವೆ. ಪೋರ್ಚುಗೀಸರು ಬಿಟ್ಟುಹೋದ ‘ಅಲಮಾರು’ ಫ್ರೆಂಚಿನ ‘ಆರ್ಮ್ವಾರ್’ನ ನೆಂಟ, ‘ಮೇಸ್ತ್ರಿ’ ಅವರ ‘ಮೆತ್ರ್’ನ ನೆಂಟ, ಪಾವ್‌ಭಾಜಿಯ ‘ಪಾವ್’ ಮತ್ತು ಪ್ಯಾರಿಸ್ಸಿನ ಬ್ರೆಡ್ಡಾದ ‘ಪ್ಯಾಂ’ ಒಂದೇ ಲ್ಯಾಟಿನ್ ತಾಯಿಯ ಮಕ್ಕಳು. ಅನಾನಸು ದಕ್ಷಿಣ ಅಮೆರಿಕದ ಹಣ್ಣು; ಅದು ಫ್ರೆಂಚಿನಲ್ಲೂ ‘ಅನನಾಸ್’, ಎರ್ನಾಕುಳಂ ಜಿಲ್ಲೆಯಲ್ಲಿ ಅದಕ್ಕೇ ಹೆಸರಾದ ವಾಳಕ್ಕುಳಂ ಊರಿನಿಂದ ಬಂದ ಲಾರಿಯ ಮುಂದೆ ನಿಂತು ಈ ಪದವನ್ನು ಮರೆಯುವುದು ಯಾವ ವಯಸ್ಸಿನಲ್ಲೂ ಕಷ್ಟ. ಇಳಿವಯಸ್ಸಿನ ಕಲಿಕೆಯಲ್ಲಿ ಬಿಡಿಪದಗಳ ಉರುವಿಗಿಂತ ಹಳೆಯ ತಿಳಿವಳಿಕೆಗೆ ಹೊಸದನ್ನು ಗಂಟುಹಾಕುವುದು ಹೆಚ್ಚು ಫಲಕೊಡುತ್ತದೆ. ಅರವತ್ತು ವರ್ಷ ಅಡಿಕೆ, ಕೊಬ್ಬರಿ, ಶುಂಠಿಗಳೊಡನೆ ಬಾಳಿದವರಿಗೆ ಇರುವ ಗಂಟು ಇಪ್ಪತ್ತರ ಹುಡುಗನಿಗೆ ಇರುವುದಿಲ್ಲ. ಪ್ಯಾರಿಸ್ಸಿನ ಅಂಗಡಿಯಲ್ಲಿ ಇದೇ ಪದಗಳು ಸಿಗುತ್ತವಾದರೂ ಅವು ಹೊರಟ ಬಂದರು ಅಲ್ಲಿಲ್ಲ.

ಭಾಷೆ ಕಲಿತ ಫ್ರೆಂಚನೊಬ್ಬನೂ ಈ ಊರನ್ನು ಕಂಡಿದ್ದ, ಆದರೆ ಸೆರೆಮನೆಯೊಳಗಿಂದ. ಲಾವಾಲ್ ಊರಿನ ಫ್ರಾಂಸ್ವಾ ಪಿರಾರ್ ಎಂಬವನ ಹಡಗು 1602ರಲ್ಲಿ ಮಾಲ್ದೀವಿನ ಬಂಡೆಗಳಿಗೆ ಬಡಿದು ಒಡೆಯಿತು. ಐದು ವರ್ಷದಷ್ಟು ಕಾಲ ಅಲ್ಲಿ ಸಿಕ್ಕಿಬಿದ್ದ ಅವನು ಅಲ್ಲಿನ ಮಾತನ್ನು ಚೆನ್ನಾಗಿ ಕಲಿತ, ಬಿಡುಗಡೆಯಾಗಿ ಮಲಬಾರಿಗೆ ಬಂದಾಗ ಪೋರ್ಚುಗೀಸರ ಕೈಗೆ ಸಿಕ್ಕು ಕೊಚ್ಚಿಯ ಜೈಲು ಕಂಡ. ಊರಿಗೆ ಮರಳಿದ ಮೇಲೆ 1611ರಲ್ಲಿ ಅವನ ಪ್ರವಾಸಕಥನ ಅಚ್ಚಾಯಿತು. ಕಲಿಯಲೆಂದೇ ಬಂದವರೂ ಉಂಟು: 1960ರ ದಶಕದಲ್ಲಿ ಕೇರಳ ಕಲಾಮಂಡಲದಲ್ಲಿ ಕಥಕ್ಕಳಿ ಅಭ್ಯಾಸ ಮಾಡಿದ ಮಿಲೆನಾ ಸಾಲ್ವಿನಿ 1975ರಲ್ಲಿ ಪ್ಯಾರಿಸ್ಸಿನಲ್ಲಿ ‘ಮಂಡಪ’ ಎಂಬ ಕಲಾಕೇಂದ್ರ ತೆರೆದರು, 2019ರಲ್ಲಿ ಅವರಿಗೆ ಪದ್ಮಶ್ರೀ ಸಂದಿತು.

ಕೊಚ್ಚಿಯಿಂದ ತಿರುವನಂತಪುರಕ್ಕೆ ಸುಮಾರು 200 ಕಿಲೋಮೀಟರು. ಆಲಪ್ಪುಳದ ಮೇಲಿನ ರೈಲು ಹಿಡಿದವರು ದಾಟುವ ಜಿಲ್ಲೆಯಲ್ಲಿಯೇ ಚೇಪ್ಪಾಡಿನ ಕಾರ್ತ್ಯಾಯಿನಿ ಅಮ್ಮ ಇದ್ದರು. ಬಾಲ್ಯದಲ್ಲಿ ಶಾಲೆ ಕಾಣದ ಅವರು 2018ರಲ್ಲಿ, 96ನೆಯ ವಯಸ್ಸಿನಲ್ಲಿ, ಕೇರಳ ಸಾಕ್ಷರತಾ ಮಿಷನ್‌ನ ಪರೀಕ್ಷೆಯಲ್ಲಿ ನೂರಕ್ಕೆ 98 ಅಂಕ ಪಡೆದರು, ಮುಂದೆ ರಾಷ್ಟ್ರಪತಿಯವರಿಂದ ನಾರೀ ಶಕ್ತಿ ಪುರಸ್ಕಾರ ಸ್ವೀಕರಿಸಿದರು. ವಯಸ್ಸಾದ ಮೇಲೆ ತಲೆಗೆ ಹತ್ತುವುದಿಲ್ಲ ಎಂಬ ಮಾತಿಗೆ ಇದಕ್ಕಿಂತ ಗಟ್ಟಿ ಉತ್ತರ ಬೇಕಿಲ್ಲ. ಆದರೆ ಹೊಸ ಭಾಷೆ ಕಲಿತರೆ ಮರೆವಿನ ರೋಗ ಬರುವುದಿಲ್ಲ ಎಂಬ ಇನ್ನೊಂದು ಪ್ರಚಾರದ ಬಗೆಗೆ ಎಚ್ಚರ ಬೇಕು. ಈಗ ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿರುವ ನರರೋಗ ತಜ್ಞೆ ಸುವರ್ಣಾ ಅಲ್ಲಾಡಿ ಮತ್ತು ಸಂಗಡಿಗರು ಹೈದರಾಬಾದಿನ 648 ರೋಗಿಗಳನ್ನು ಪರಿಶೀಲಿಸಿ 2013ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಎರಡು ಭಾಷೆ ಬಲ್ಲವರಲ್ಲಿ ಡಿಮೆನ್ಷಿಯಾ ಸುಮಾರು ನಾಲ್ಕೂವರೆ ವರ್ಷ ತಡವಾಗಿ ಕಾಣಿಸಿಕೊಂಡಿತ್ತು. ಅದು ಹಲವು ಭಾಷೆಗಳ ನಡುವೆಯೇ ಬದುಕಿದವರ ಮಾತು, ಅರವತ್ತೈದಕ್ಕೆ ಫ್ರೆಂಚ್ ಹಿಡಿದವರದಲ್ಲ. ತುಳು, ಕೊಂಕಣಿ, ಕನ್ನಡ, ಮಲಯಾಳಗಳ ನಡುವೆ ಬೆಳೆದ ಕಾಸರಗೋಡಿನವರು ಆ ಲಾಭವನ್ನು, ಅದು ಇರುವುದೇ ಆದರೆ, ಫ್ರೆಂಚಿಗೆ ಮೊದಲೇ ಪಡೆದಾಗಿದೆ.

ತಿರುವನಂತಪುರದ ಕೋಟೆಯೊಳಗೆ ಕನ್ನಡಿಗರಿಗೆ ಸಿಗುವ ಮೊದಲ ಸೋಜಿಗ ಪದ್ಮನಾಭಸ್ವಾಮಿ ದೇವಾಲಯದ ಅರ್ಚಕರ ಸಂಬಂಧವಾದದ್ದು. ‘ನಂಬಿ’ಗಳೆಂದು ಕರೆಯುವ ಅವರಲ್ಲಿ ಕಾಸರಗೋಡಿನ ಚಂದ್ರಗಿರಿ ಹೊಳೆಯ ಆಚೆ ದಡದವರು ‘ಅಕ್ಕರೆ ದೇಶಿ’ಗಳು, ಈಚೆಯವರು ‘ಇಕ್ಕರೆ ದೇಶಿ’ಗಳು. ಮಲಯಾಳದ ‘ಅಕ್ಕರೆ’ ಆಚೆಯ ಕರೆ, ಅಂದರೆ ಆಚೆ ದಡ. ಕನ್ನಡದ ಕಿವಿಗೆ ಅದು ಪ್ರೀತಿಯಾಗಿ ಕೇಳುತ್ತದೆ. ಹೀಗೆ ಒಂದೇ ರೂಪದಲ್ಲಿದ್ದು ಬೇರೆ ಅರ್ಥ ಕೊಡುವ ಪದಗಳಿಗೆ ಫ್ರೆಂಚರು ‘ಫೋಜ಼ಮಿ’, ಎಂದರೆ ಸುಳ್ಳು ಗೆಳೆಯರು, ಎಂಬ ಹೆಸರಿಟ್ಟಿದ್ದಾರೆ, ಅದರ ನಡುವೆಯೂ ಆ ಜ಼ಕಾರದ ಬೆಸುಗೆ ಕೇಳುತ್ತದೆ. ಇಂಗ್ಲಿಷ್ ಬಲ್ಲವರನ್ನು ಹೆಚ್ಚು ಕಾಡುವ ಸುಳ್ಳು ಗೆಳೆಯ ‘ಲಿಬ್ರೆರಿ’: ಅದು ಲೈಬ್ರರಿ ಅಲ್ಲ, ಪುಸ್ತಕದಂಗಡಿ. 1829ರಲ್ಲಿ ಸ್ಥಾಪನೆಯಾದ ತಿರುವನಂತಪುರದ ಸಾರ್ವಜನಿಕ ಗ್ರಂಥಾಲಯವನ್ನು ಫ್ರೆಂಚಿನಲ್ಲಿ ‘ಬಿಬ್ಲಿಯೋತೆಕ್’ ಎನ್ನಬೇಕು. ಅದೇ ವರ್ಷ ಆಳ್ವಿಕೆಗೆ ಬಂದ ಸ್ವಾತಿ ತಿರುನಾಳ್ ಮಹಾರಾಜರು ಮಲಯಾಳ, ಸಂಸ್ಕೃತ, ತೆಲುಗು, ಹಿಂದೂಸ್ತಾನಿಗಳ ಜೊತೆಗೆ ಕನ್ನಡದಲ್ಲೂ ಕೀರ್ತನೆ ರಚಿಸಿದವರು. ಅವರು ಕಟ್ಟಿಸಿದ ಕುದಿರಮಾಳಿಗೆಯ ಸೂರಿನ ಕೆಳಗೆ ಮರದಲ್ಲಿ ಕೆತ್ತಿದ 122 ಕುದುರೆಗಳು ಸಾಲಾಗಿವೆ. ಸಂಖ್ಯೆಗಳ ಪಾಠ ಮುಗಿಸಿದವರು ಅವನ್ನು ಫ್ರೆಂಚಿನಲ್ಲಿ ಎಣಿಸುತ್ತ ಹೋದರೆ ಎಪ್ಪತ್ತರ ಬಳಿ ಎಡವುವುದು ಖಚಿತ.

ಇಷ್ಟು ದೂರ ಬಂದವರು ಇನ್ನೊಂದು ದಿನ ಉಳಿಸಿಕೊಂಡು, ಹಳೆಯ ತಿರುವಾಂಕೂರಿಗೆ ಸೇರಿದ್ದು ಇಂದು ತಮಿಳುನಾಡಿನ ಕನ್ಯಾಕುಮಾರಿ ಜಿಲ್ಲೆಯಲ್ಲಿರುವ ಉದಯಗಿರಿ ಕೋಟೆಗೆ ಹೋಗಿಬರಬೇಕು. ಉತ್ತರ ಫ್ರಾನ್ಸ್‌ನ ಅರಾಸ್ ಊರಿನಲ್ಲಿ 1715ರಲ್ಲಿ ಹುಟ್ಟಿದ ಯುಸ್ತಾಷಿಯಸ್ ಡಿ ಲನ್ನೋಯ್ ಡಚ್ ಕಂಪನಿಯ ಪರವಾಗಿ 1741ರ ಕೊಳಚಲ್ ಕಾಳಗಕ್ಕೆ ಬಂದು ತಿರುವಾಂಕೂರಿನ ಅರಸ ಮಾರ್ತಾಂಡವರ್ಮನ ಸೆರೆಯಾದ. ಅನಂತರ ಅದೇ ಅರಸನ ಸೇನೆಗೆ ಯುರೋಪಿನ ಕವಾಯತು ಕಲಿಸಿ, ಮುಂದೆ 1789ರ ಕೊನೆಯಲ್ಲಿ ಟಿಪ್ಪುವಿನ ಸೈನ್ಯವನ್ನು ತಡೆದ ನೆಡುಂಕೋಟೆಯನ್ನು ಬಲಪಡಿಸಿ, ಮೂರೂವರೆ ದಶಕ ಇದೇ ನಾಡಿನಲ್ಲಿದ್ದು 1777ರಲ್ಲಿ ತೀರಿಕೊಂಡ. ಕೋಟೆಯೊಳಗಿನ ಪಾಳು ಚಾಪೆಲ್ಲಿನಲ್ಲಿ ಅವನ ಗೋರಿಯಿದೆ. ಎ1 ದಾಟಿದ ವಿದ್ಯಾರ್ಥಿ ಅದರ ಮೇಲಿನ ಬರಹ ಓದಲು ಬಾಗಿದರೆ ಕಾಣುವುದು ಲ್ಯಾಟಿನ್, ಜೊತೆಗೆ ತಮಿಳು. ಅರಾಸ್‌ನವನ ಕಲ್ಲಿನ ಮೇಲೆ ಫ್ರೆಂಚ್ ಇಲ್ಲ.